ಪಾಠಯೋಜನೆಯಲ್ಲಿ ಇಲ್ಲದ ಮೊಲ

ಜುಲೈ ಮೊದಲ ವಾರ ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಶಾಲೆಯಲ್ಲಿ ಎಂಟನೇ ತರಗತಿಗೆ ‘ಪ್ರಾಣಿಗಳಲ್ಲಿ ಸಂತಾನೋತ್ಪತ್ತಿ’ ಪಾಠ ಮಾಡುತ್ತಿದ್ದೆ. ಚಾರ್ಟು ಸುತ್ತಿಡುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಮಿಸ್, ನಮ್ಮ ಹೆಣ್ಣು ಮೊಲ ಮೂರು ಸಲ ಗಂಡಿಗೆ ಬಿಟ್ರೂ ಮರಿ ಹಾಕಿಲ್ಲ. ಗೊಡ್ಡು ಅಂತ ಅಪ್ಪ ಈ ಭಾನುವಾರ ಕೊಯ್ತಾರಂತೆ. ಏನ್ಮಾಡೋದು?”

ತರಗತಿ ನಕ್ಕಿತು. ಹಸುವಿನ ಹಾಗೆ ಬೆದೆಗೆ ಬರುವವರೆಗೆ ಕಾಯಬೇಕು ಎಂದುಬಿಟ್ಟೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕರು ವೀಕ್ಷಣಾ ಪಟ್ಟಿಯಲ್ಲಿ ‘ಪ್ರಶ್ನೆಗೆ ಸಮಂಜಸ ಉತ್ತರ’ ಎಂದು ಬರೆದರು. ಅಂಕವೂ ಬಂತು.

ರಾತ್ರಿ ಅನುಮಾನವಾಗಿ ಬಿಎಸ್ಸಿಯ ಪ್ರಾಣಿಶಾಸ್ತ್ರದ ಪುಸ್ತಕ ತೆಗೆದೆ. ನನ್ನ ಉತ್ತರ ತಪ್ಪಾಗಿತ್ತು. ಮೊಲಕ್ಕೆ ಹಸುವಿನಂತೆ 21 ದಿನಕ್ಕೊಮ್ಮೆ ಬರುವ ಬೆದೆಯಿಲ್ಲ. ಗಂಡಿನೊಡನೆ ಕೂಡಿದ ಪ್ರಚೋದನೆಯಿಂದಲೇ, ಸುಮಾರು 10 ಗಂಟೆಯ ನಂತರ, ಅಂಡಾಣು ಬಿಡುಗಡೆಯಾಗುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವಳು.

ಮರುದಿನ ತಪ್ಪು ಒಪ್ಪಿಕೊಂಡು ಪಾಠ ಶುರು ಮಾಡಿದೆ. ನಡೆದದ್ದನ್ನೆಲ್ಲ ಹೇಳು ಎಂದು ಹುಡುಗನನ್ನು ಕೇಳಿದೆ. ಮೊದಲೆರಡು ಸಲ ಗಂಡನ್ನು ಹೆಣ್ಣಿನ ಗೂಡಿಗೆ ಬಿಟ್ಟಿದ್ದರು. ಅದು ಕಚ್ಚಿ ಓಡಿಸಿತ್ತು. ಇದು ಹೊಸಬರು ಮಾಡುವ ತಪ್ಪು. ಹೆಣ್ಣು ತನ್ನ ಜಾಗವನ್ನು ಬಿಟ್ಟುಕೊಡುವುದಿಲ್ಲ, ಅದನ್ನೇ ಗಂಡಿನ ಗೂಡಿಗೆ ಒಯ್ಯಬೇಕು. ಮೂರನೇ ಸಲ ಮೇ 24ರಂದು ಕೂಡಿತ್ತು. ಆಮೇಲೆ ಹೊಟ್ಟೆಯ ಕೂದಲು ಕಿತ್ತು ಹಾಸಿಗೆಯನ್ನೂ ಮಾಡಿಕೊಂಡಿತಂತೆ, ಮರಿ ಮಾತ್ರ ಇಲ್ಲ.

“ಅದೇ ತಿಂದ್ಕೊಂಡೈತೆ ಅಂತಾಳೆ ನಮ್ಮಜ್ಜಿ.”

ಕೂದಲು ಕಿತ್ತದ್ದು ಯಾವತ್ತು? ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದನಂತೆ: ಜೂನ್ 11. ಮಕ್ಕಳೇ ಎಣಿಸಿದರು, 18 ದಿನ. ಮೊಲದ ಗರ್ಭಾವಧಿ ಸುಮಾರು 31 ದಿನ. ಹಾಗಾದರೆ ತಿನ್ನಲು ಮರಿಗಳೇ ಇರಲಿಲ್ಲ. ಅದು ಸುಳ್ಳು ಗಬ್ಬ. ಅಂಡಾಣು ಬಿಡುಗಡೆಯಾಗಿ ಫಲಿತವಾಗದಿದ್ದರೂ ಎರಡೂವರೆ ವಾರದಷ್ಟು ಕಾಲ ದೇಹ ಗಬ್ಬವೆಂದೇ ನಡೆದುಕೊಳ್ಳುತ್ತದೆ. ಹೆಣ್ಣು ತನ್ನ ಪಾಲಿನ ಕೆಲಸ ಮಾಡಿತ್ತು.

ಆಗ ಮುಂದಿನ ಸಾಲಿನ ಹುಡುಗಿ ಮೆಲ್ಲಗೆ ಕೇಳಿದಳು: “ಗಂಡು ಮೊಲ ಗೊಡ್ಡಾಗಲ್ವಾ ಮಿಸ್?”

ಈ ಸಲ ಯಾರೂ ನಗಲಿಲ್ಲ. ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ.

ಸಂಜೆ ಅವನ ಮನೆಗೆ ಹೋದೆ. ಗಂಡಿನ ಗೂಡು ತಗಡಿನ ಚಾವಣಿಗೆ ತಾಗಿಕೊಂಡೇ ಇತ್ತು. ಏಪ್ರಿಲ್, ಮೇ ಪೂರ್ತಿ ಅದು ಅಲ್ಲೇ ಬೆಂದಿತ್ತು. ಸೆಕೆ 30 ಡಿಗ್ರಿ ದಾಟಿ ಹಾಗೇ ಮುಂದುವರಿದರೆ ಗಂಡಿನ ವೀರ್ಯ ಕೆಡುತ್ತದೆ. ಮಳೆ ಬಂದು ತಂಪಾದರೂ ಸರಿಹೋಗಲು ಒಂದೂವರೆ ಎರಡು ತಿಂಗಳು ಬೇಕು. ಹೆಣ್ಣೂ ಕಡಲೆ ಹಿಂಡಿ ತಿಂದು ಮೈ ಬಂದಿತ್ತು. ಕೊಬ್ಬಿದ ಮೊಲ ಸುಲಭವಾಗಿ ಗಬ್ಬ ನಿಲ್ಲುವುದಿಲ್ಲ. ಹಿಂಡಿ ಕಡಿಮೆ ಮಾಡಿ ಹುಲ್ಲು ಹೆಚ್ಚಿಸಲು ಹೇಳಿದೆ. ಅವರಪ್ಪ ಎಲ್ಲ ಕೇಳಿಸಿಕೊಂಡು, “ಒಂದು ತಿಂಗಳು ನೋಡಾಣ ಬಿಡ್ರಿ ಟೀಚರ್ರೇ, ಆಮೇಲೆ ಭಾನುವಾರ ಎಲ್ಲಿಗೂ ಹೋಗಲ್ಲ” ಎಂದರು.

ಹುಡುಗನ ಮಾವನ ಮನೆಯ ಗಂಡು ಬೇವಿನ ಮರದ ನೆರಳಿನಲ್ಲಿ ಬೆಳೆದದ್ದು. ಒಂದು ತಣ್ಣನೆಯ ಬೆಳಿಗ್ಗೆ ಹೆಣ್ಣನ್ನು ಬುಟ್ಟಿಯಲ್ಲಿ ಅಲ್ಲಿಗೇ ಒಯ್ದರು. ಎರಡು ವಾರಕ್ಕೆ ಹೊಟ್ಟೆ ಮುಟ್ಟಿ ಗಬ್ಬ ತಿಳಿಯಬಹುದು, ಆದರೆ ಪಳಗದ ಕೈ ಒತ್ತಿದರೆ ಅಪಾಯ. ನಾನು ಮುಟ್ಟಲಿಲ್ಲ, ಅವನಿಗೂ ಬೇಡವೆಂದೆ. 28ನೇ ದಿನ ಹುಲ್ಲು ಹಾಸಿದ ಪೆಟ್ಟಿಗೆ ಇಡಲು ಹೇಳಿದ್ದೇನೆ.

ನಮ್ಮ ಅಭ್ಯಾಸ ಬೋಧನೆ ಮುಗಿದ ದಿನ ಕ್ಯಾಲೆಂಡರಿನ ಎಣಿಕೆ 22ಕ್ಕೆ ಬಂದಿತ್ತು. ಗೇಟಿನವರೆಗೂ ಬಂದು ಹುಡುಗ ಹೇಳಿದ: “ಹದಿನೆಂಟಕ್ಕೆ ಕೂದಲು ಕೀಳ್ಲಿಲ್ಲ ಮಿಸ್.”