ಹೆಡೆಯಿಲ್ಲದ ಹಾವಿಗೆ ಪೂಜೆಯಿಲ್ಲ

ಹೊಸಪೇಟೆ, ಕಂಪ್ಲಿ ಸೀಮೆಯ ಗದ್ದೆಬಯಲಿನಲ್ಲಿ ಬೆಳೆದವರಾರಿಗೂ ಕೇರೆ ಹಾವು ಅಪರಿಚಿತವಲ್ಲ. ತುಂಗಭದ್ರೆಯ ಕಾಲುವೆ ಹರಿದಲ್ಲಿ ಭತ್ತ, ಕಬ್ಬು, ಬಾಳೆ, ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಕೇರೆ. ಎರಡು ಮೀಟರಿಗೂ ಮೀರಿ ಬೆಳೆಯುವ, ವಿಷವಿಲ್ಲದ ಈ ಹಾವು ಸಂಬಳವಿಲ್ಲದೆ ದುಡಿಯುವ ಕಾವಲುಗಾರ. ಹಂಪಿಯಲ್ಲಿ ಕೃಷ್ಣದೇವರಾಯನು 1528ರಲ್ಲಿ ಕಡೆಸಿದ ನರಸಿಂಹನ ನೆತ್ತಿಯ ಮೇಲಿನ ಏಳು ಹೆಡೆಯ ಆದಿಶೇಷನಿಗೆ ಕೈಮುಗಿಯುವ ನಾವು, ಹೆಡೆಯಿಲ್ಲದ ಕೇರೆಯನ್ನು ಕಂಡೊಡನೆ ಕೋಲು ಹುಡುಕುತ್ತೇವೆ.

ಜರ್ಮನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಒಂದು ಪ್ರಶ್ನೆ ಕೇಳಿದ. ಅವನ ನೆರೆಯವರು ಯೂರೋಪಿನ ಇಲಿಹಾವುಗಳನ್ನು ಹವ್ಯಾಸಕ್ಕಾಗಿ ಸಾಕಿ ಮರಿ ಮಾಡಿಸುತ್ತಾರಂತೆ. "ಸರ್, ಊರಿಗೆ ಮರಳಿದ ಮೇಲೆ ನಾನೂ ಕಂಪ್ಲಿಯ ಮನೆಯಲ್ಲಿ ಒಂದು ಜೋಡಿ ಕೇರೆ ಸಾಕಬಹುದೇ?" ಎಂಬುದು ಅವನ ಪ್ರಶ್ನೆ.

ಆ ಹವ್ಯಾಸದ ಕ್ರಮ ಕುತೂಹಲಕರವಾದುದು. ಗಾಜಿನ ಪೆಟ್ಟಿಗೆಯ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿರಬೇಕು. ಹಾವು ತನಗೆ ಹಿತವೆನಿಸಿದ ಕಡೆ ಸರಿಯುತ್ತದೆ. ಮರಿ ಬೇಕೆಂದರೆ ಚಳಿಗಾಲದಲ್ಲಿ ಎರಡು ಮೂರು ತಿಂಗಳು ಆಹಾರವಿಲ್ಲದೆ, ಕತ್ತಲೆಯಲ್ಲಿ, ತಣ್ಣಗೆ ಮಲಗಿಸಬೇಕು. ಆ ನಿದ್ರೆ ಮುಗಿದು ವಸಂತ ಬಂದಾಗ ಅವು ಕೂಡುತ್ತವೆ. ಇಟ್ಟ ಮೊಟ್ಟೆಗಳನ್ನು ಮಗುಚದೆ ತೇವದಲ್ಲಿರಿಸಿದರೆ ಸುಮಾರು ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ. ಇಷ್ಟು ತಾಳ್ಮೆಯುಳ್ಳವರನ್ನು ನಾನು ಹಗುರವಾಗಿ ಕಾಣಲಾರೆ.

ಆ ಹಾವುಗಳಿಗೂ ದೊಡ್ಡ ಮನೆತನವುಂಟು. ಗ್ರೀಕರ ವೈದ್ಯದೇವತೆ ಅಸ್ಕ್ಲೇಪಿಯಸನ ದಂಡಕ್ಕೆ ಸುತ್ತಿಕೊಂಡ ಹಾವಿನ ಹೆಸರನ್ನೇ ಅವುಗಳಲ್ಲೊಂದು ಇಂದಿಗೂ ಹೊತ್ತಿದೆ. ಇಟಲಿಯ ಕೊಕುಲ್ಲೋ ಎಂಬ ಹಳ್ಳಿಯಲ್ಲಿ ಪ್ರತಿ ವರ್ಷ ಮೇ ತಿಂಗಳಿನಲ್ಲಿ ಸಂತ ದೊಮೆನಿಕೋನ ವಿಗ್ರಹಕ್ಕೆ ಜೀವಂತ ಹಾವುಗಳನ್ನು ಮಾಲೆಯಂತೆ ಹೊದಿಸಿ ಮೆರವಣಿಗೆ ಮಾಡುತ್ತಾರೆ. ಆ ಹಾವುಗಳಲ್ಲಿ ನಾಲ್ಕು ಗೆರೆಯ ಇಲಿಹಾವು ಮುಖ್ಯವಾದುದು. ನಮ್ಮ ನಾಗರಪಂಚಮಿಯ ದಾಯಾದಿ ಎನ್ನಬಹುದು. ಒಂದು ವ್ಯತ್ಯಾಸವಿದೆ: ಅಲ್ಲಿ ಗೌರವ ಸಲ್ಲುವುದು ವಿಷವಿಲ್ಲದ ಹಾವಿಗೆ.

ಶಿಷ್ಯನಿಗೆ ನಾನು ಕೊಟ್ಟ ಉತ್ತರ: ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೇರೆಯನ್ನು ಹಿಡಿಯುವುದೂ ಕೊಲ್ಲುವುದೂ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಇದು ಅಧಿಕಾರಿಗಳ ಹಟವಲ್ಲ. ಒಂದು ಕಾಲದಲ್ಲಿ ಚೀಲ, ಪಾದರಕ್ಷೆಗಳಿಗಾಗಿ ಕೇರೆಯ ಚರ್ಮ ಅಪಾರವಾಗಿ ವಿದೇಶಕ್ಕೆ ಹೋಗುತ್ತಿತ್ತು; 1976ರಲ್ಲಿ ಆ ರಫ್ತು ನಿಷೇಧವಾಯಿತು. ಸಾಕಣೆಯ ಇನ್ನೊಂದು ತೊಡಕನ್ನು ಬ್ರಿಟನ್ ಕಂಡಿದೆ. ವೇಲ್ಸ್‌ನ ಕಾಲ್ವಿನ್ ಬೇ ಮೃಗಾಲಯದಿಂದ 1970ರ ದಶಕದಲ್ಲಿ ತಪ್ಪಿಸಿಕೊಂಡ ಅಸ್ಕ್ಲೇಪಿಯಸನ ಹಾವುಗಳ ಸಂತತಿ ಈಗಲೂ ಅಲ್ಲಿ ಬಾಳುತ್ತಿದೆ.

ಆದರೆ ನಮ್ಮಲ್ಲಿ ಕೇರೆಗೆ ಪೆಟ್ಟಿಗೆಗಿಂತ ದೊಡ್ಡ ಶತ್ರು ಕಟ್ಟುಕಥೆ. ಕೇರೆಯು ಹಸುವಿನ ಹಿಂಗಾಲುಗಳನ್ನು ಸುತ್ತಿ ಹಾಲು ಕುಡಿಯುತ್ತದೆಂದು ಸಂಡೂರಿನ ನಮ್ಮ ಸೋದರತ್ತೆ ಕೊನೆಯವರೆಗೂ ನಂಬಿದ್ದರು. ಹೀರುವುದಕ್ಕೆ ಹಾವಿಗೆ ಮೃದುವಾದ ತುಟಿಗಳಿಲ್ಲ. ಅದು ಕೊಟ್ಟಿಗೆಗೆ ಬರುವುದು ಮೇವಿನಲ್ಲಿ ಅಡಗಿದ ಇಲಿಗಾಗಿ. ನಾಗರ ಮತ್ತು ಕೇರೆ ಹೆಣೆದುಕೊಂಡು ಕೂಡುತ್ತವೆಂಬುದೂ ಸುಳ್ಳು. ಹಾಗೆ ಎದ್ದು ನಿಂತು ಹೆಣೆದುಕೊಳ್ಳುವವು ಬಹುಮಟ್ಟಿಗೆ ಬಲ ಪರೀಕ್ಷಿಸುವ ಎರಡು ಗಂಡು ಕೇರೆಗಳು. ಬಾಲದಲ್ಲಿ ವಿಷವೂ ಇಲ್ಲ.

ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ನಮ್ಮ ರಾಜ್ಯವು 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಆ ಸಾವುಗಳಲ್ಲಿ ಕೇರೆಯ ಪಾಲಿಲ್ಲ. ಆದರೂ ನಾಗರವೆಂದು ಬಗೆದು ಅದನ್ನೇ ಬಡಿಯುತ್ತೇವೆ. ಬಡಿಯಲು ಹೋಗಿ, ಅದು ನಿಜವಾಗಿ ನಾಗರವೇ ಆಗಿದ್ದರೆ, ಕಡಿಸಿಕೊಳ್ಳುವವರೂ ನಾವೇ.

ಆದ್ದರಿಂದ ಹೊಲಮನೆಯಿರುವ ನನ್ನ ಶಿಷ್ಯರಲ್ಲಿ, ಬಂಧುಗಳಲ್ಲಿ ಒಂದು ಕೋರಿಕೆ. ಹಾವು ಯಾವುದೆಂದು ತಿಳಿಯದಿದ್ದರೆ ದೂರ ನಿಂತು ದಾರಿ ಬಿಡಿ. ಮನೆಯೊಳಗೆ ಬಂದರೆ ಅರಣ್ಯ ಇಲಾಖೆಗೆ ತಿಳಿಸಿ. ಯಾರಿಗಾದರೂ ಕಡಿದರೆ ಮಂತ್ರ, ನಾಟಿಮದ್ದುಗಳೆಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗದ್ದೆಯ ಬದುವಿನ ಪೊದೆಗಳನ್ನೆಲ್ಲ ಸುಡಬೇಡಿ, ಒಂದೆರಡನ್ನು ಉಳಿಸಿ. ಕೇರೆ ಸಾಕುವುದಕ್ಕೆ ಅದಕ್ಕಿಂತ ಒಳ್ಳೆಯ ಪೆಟ್ಟಿಗೆ ಬೇಕಿಲ್ಲ.