ಮುಂಬಯಿಯಲ್ಲಿ ಬಿಡಾರ ಎಲ್ಲಿ?

ಮುಂಬಯಿಗೆ ಹೊರಟ ಸಂಸಾರಸ್ಥನಿಗೆ ರೈಲಿನ ಟಿಕೆಟ್ಟು ದೊರೆತ ಮರುಗಳಿಗೆಯೇ ಎದುರಾಗುವ ಪ್ರಶ್ನೆ, ಇಳಿದುಕೊಳ್ಳುವುದೆಲ್ಲಿ ಎಂಬುದು. ಕನ್ನಡಿಗರಿಗೆ ಹೋಟೆಲು ಎಂದೊಡನೆ ದೋಸೆಯೇ ನೆನಪಾಗುವುದು ಸಹಜ. ಇಲ್ಲಿ ಮಾತು ಮಲಗುವ ಹೋಟೆಲಿನದು. ಬಂಧುಗಳ ಮನೆಯಿದ್ದವರ ಸಂಗತಿ ಬೇರೆ. ಇಲ್ಲದವರು ಬಾಡಿಗೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಎಲ್ಲಕ್ಕಿಂತ ಅಗ್ಗವಾದ ಕೋಣೆಯನ್ನು ಅರಸುತ್ತಾರೆ. ಅದು ಬಹುಮಟ್ಟಿಗೆ ಉತ್ತರದ ಉಪನಗರಗಳಲ್ಲೆಲ್ಲೋ ಸಿಕ್ಕುತ್ತದೆ. ಬಾಡಿಗೆಯಲ್ಲಿ ಉಳಿದ ಹಣ ಯಾವ ಯಾವ ದಾರಿಯಲ್ಲಿ ಹೋಗುತ್ತದೆಂಬುದು ಆಮೇಲೆ ತಿಳಿಯುವ ವಿಷಯ.

ಮುಂಬಯಿ ಅಗಲದ ಊರಲ್ಲ, ಉದ್ದದ ಊರು. ಕಾಲ್ನಡಿಗೆಯಲ್ಲಿ ನೋಡತಕ್ಕ ಹಳೆಯ ನಗರವೆಲ್ಲ ಅದರ ದಕ್ಷಿಣದ ತುದಿಯಲ್ಲಿದೆ. ಬೆಳಗಾದರೆ ಕಚೇರಿಯ ಜನಸಾಗರ ಲೋಕಲ್ ಗಾಡಿಗಳಲ್ಲಿ ಅತ್ತಲೇ ಹರಿಯುತ್ತದೆ, ಸಂಜೆಯಾದರೆ ಇತ್ತ ಮರಳುತ್ತದೆ. ಉಪನಗರದಲ್ಲಿ ಇಳಿದುಕೊಂಡ ಪ್ರವಾಸಿಯ ದಾರಿಯೂ ಅದೇ, ಹೊತ್ತೂ ಅದೇ. ಕೈಯಲ್ಲೊಂದು ಮಗು, ಜೊತೆಯಲ್ಲೊಬ್ಬರು ವೃದ್ಧೆ ಇರುವ ಸಂಸಾರ ಆ ಗಾಡಿಗಳನ್ನು ಏರುವ ಮಾತೇ ಇಲ್ಲ. ಹನ್ನೊಂದರ ಮೇಲೆ ಹೊರಟು, ಐದರೊಳಗೆ ಹಿಂದಿರುಗಬೇಕಾಗುತ್ತದೆ. ನಡುವೆ ಉಳಿಯುವುದು ಸುಡುಬಿಸಿಲಿನ ಹೊತ್ತು. ಬೆಂಗಳೂರಿನ ಅಭ್ಯಾಸದಂತೆ ಆಟೋರಿಕ್ಷಾ ಕರೆಯೋಣವೆಂದರೆ, ಮಾಹಿಮ್ ಮತ್ತು ಸಾಯನ್ ದಾಟಿ ದಕ್ಷಿಣಕ್ಕೆ ಅವು ಬರುವಂತಿಲ್ಲ, ಟ್ಯಾಕ್ಸಿಯೇ ಗತಿ.

ಬಾಡಿಗೆಯ ಲೆಕ್ಕದಲ್ಲಿ ಯಾರೂ ಸೇರಿಸದ ಬಾಬತ್ತು ಮಧ್ಯಾಹ್ನದ್ದು. ನಡೆದು ಊರು ನೋಡುವವರು ಒಂದು ಗಂಟೆಯ ಹೊತ್ತಿಗೆ ದಣಿದಿರುತ್ತಾರೆ. ಬಿಡಾರ ಹತ್ತು ನಿಮಿಷದ ನಡಿಗೆಯಲ್ಲಿದ್ದರೆ ಊಟ ಮಾಡಿ, ಗಳಿಗೆ ಹೊತ್ತು ಕಾಲು ಚಾಚಿ, ನಾಲ್ಕಕ್ಕೆ ಮತ್ತೆ ಹೊರಡಬಹುದು. ಅಜ್ಜಿ ಮೊಮ್ಮಗು ಕೋಣೆಗೆ ಬಂದು, ಉಳಿದವರು ತಿರುಗಾಟ ಮುಂದುವರಿಸಲೂಬಹುದು. ಬಿಡಾರ ದೂರವಾದಲ್ಲಿ ಈ ಅನುಕೂಲವಿಲ್ಲ. ಮೊದಲ ದಿನ ಅಜ್ಜಿ ಹೇಗೋ ನಡೆದಾರು, ಎರಡನೆಯ ದಿನ ಮೊಣಕಾಲು ಹಿಡಿದುಕೊಂಡಾರು. ಮೂರನೆಯ ದಿನ, "ನೀವು ಹೋಗಿಬನ್ನಿ, ನಾನು ಇಲ್ಲೇ ಇರುತ್ತೇನೆ" ಎನ್ನುತ್ತಾರೆ. ಜೀವಮಾನದಲ್ಲಿ ಒಮ್ಮೆ ಮುಂಬಯಿ ನೋಡಬಂದವರು ಉಪನಗರದ ಕೋಣೆಯೊಂದರ ಗೋಡೆ ನೋಡುತ್ತ ಕುಳಿತುಕೊಳ್ಳುವಂತಾದರೆ, ಆ ಅಗ್ಗದ ಬಾಡಿಗೆ ತೀರ ದುಬಾರಿಯೆನ್ನಬೇಕು.

ಆದುದರಿಂದ ಎರಡು ಮೂರು ದಿನಗಳ ತಿರುಗಾಟಕ್ಕೆ ಫೋರ್ಟ್ ಭಾಗವೇ ಮೇಲು. ಇಲ್ಲಿ ಹಿಂದೆ ನಿಜವಾಗಿಯೂ ಕೋಟೆಯಿತ್ತು. 1860ರ ದಶಕದಲ್ಲಿ, ಗವರ್ನರ್ ಬಾರ್ಟಲ್ ಫ್ರೇರನ ಕಾಲದಲ್ಲಿ, ಅದರ ಗೋಡೆಗಳನ್ನು ಕೆಡವಲಾಯಿತು. ಹೆಸರು ಮಾತ್ರ ಉಳಿಯಿತು. ಚರ್ಚ್‌ಗೇಟ್ ಎಂಬುದು ಕೂಡ, 1718ರ ಸೇಂಟ್ ಥಾಮಸ್ ಚರ್ಚಿಗೆ ಹೋಗುವ ಕೋಟೆಬಾಗಿಲಿನ ಹೆಸರೇ. ಒಂದು ಗೋಡೆಯೊಳಗೆ ಬೆಳೆದ ಊರಾದುದರಿಂದ ಎಲ್ಲವೂ ಹತ್ತಿರ ಹತ್ತಿರ. ಉತ್ತರಕ್ಕೆ ಹಳೆಯ ವಿಕ್ಟೋರಿಯಾ ಟರ್ಮಿನಸ್, ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ದಕ್ಷಿಣಕ್ಕೆ 1924ರಲ್ಲಿ ಪೂರ್ಣಗೊಂಡ ಗೇಟ್‌ವೇ ಆಫ್ ಇಂಡಿಯಾ. ನಡುವಿನ ಅಂತರ ಸುಮಾರು ಎರಡೂವರೆ ಕಿಲೋಮೀಟರು. ನಿಲ್ದಾಣದಿಂದ ಹೊರಟ ದಾದಾಭಾಯಿ ನವರೋಜಿ ರಸ್ತೆಯ ಕಟ್ಟಡಗಳ ಕೆಳಗೆ ಕಮಾನಿನ ಮೊಗಸಾಲೆಗಳಿವೆ. ಬಿಸಿಲಿಗೂ ಮಳೆಗೂ ಅವೇ ಕೊಡೆ. ಹಾಗೆಯೇ ನಡೆದರೆ ಹುತಾತ್ಮ ಚೌಕ, ಅಲ್ಲಿ 1864ರ ಫ್ಲೋರಾ ಕಾರಂಜಿ. ಎಡಕ್ಕೆ ಹೊರಳಿದರೆ ಹಾರ್ನಿಮನ್ ವೃತ್ತವೂ ಏಷ್ಯಾಟಿಕ್ ಸೊಸೈಟಿಯ ಬಿಳಿಯ ಮೆಟ್ಟಿಲುಗಳೂ ಕಾಣುತ್ತವೆ.

ಬಲಕ್ಕೆ ಹೊರಳಿದವರಿಗೆ ಓವಲ್ ಮೈದಾನ. ಅದರ ಪೂರ್ವದಂಚಿನಲ್ಲಿ ಹೈಕೋರ್ಟು, ವಿಶ್ವವಿದ್ಯಾನಿಲಯ, ಮತ್ತು ಪ್ರೇಮಚಂದ್ ರಾಯಚಂದ್ ಎಂಬ ವರ್ತಕ ತನ್ನ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ರಾಜಾಬಾಯಿ ಗೋಪುರ. ಪಶ್ಚಿಮದಂಚಿನಲ್ಲಿ ಸಮುದ್ರದಿಂದ ಗೆದ್ದ ನೆಲದ ಮೇಲೆ ಎದ್ದ, ದುಂಡು ಮೂಲೆಗಳ ಆರ್ಟ್ ಡೆಕೊ ಮನೆಗಳು. ಅರ್ಧ ಶತಮಾನದ ಅಂತರದ ಎರಡು ಮುಂಬಯಿಗಳು ಒಂದು ಹಸಿರು ಬಯಲಿನ ಆಚೀಚೆ ಮುಖಾಮುಖಿಯಾಗಿ ನಿಂತಿರುವುದನ್ನು 2018ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಾರಿನಲ್ಲಿ ಸರ್ರನೆ ಹೋಗುವವರಿಗೆ ಈ ನೋಟ ದಕ್ಕುವುದಿಲ್ಲ.

ಫೋರ್ಟಿನ ಸಾಧಾರಣ ಲಾಡ್ಜುಗಳಲ್ಲಿ ದೋಷವಿಲ್ಲದಿಲ್ಲ. ಎಷ್ಟೋ ಲಾಡ್ಜುಗಳು ಹಳೆಯ ಕಟ್ಟಡದ ಮೇಲಂತಸ್ತೊಂದನ್ನು ಹಲಗೆಯಿಂದ ವಿಭಾಗಿಸಿ ಮಾಡಿದಂಥವು. ಗೊತ್ತುಮಾಡುವ ಮೊದಲು ಎಷ್ಟನೆಯ ಮಹಡಿ, ಲಿಫ್ಟು ಉಂಟೇ, ಕೋಣೆಗೆ ಕಿಟಕಿಯಿದೆಯೇ, ಸ್ನಾನದ ಮನೆ ಒಳಗೋ ಹೊರಗೋ ಎಂದು ಕೇಳಿಕೊಳ್ಳುವುದರಲ್ಲಿ ಸಂಕೋಚ ಸಲ್ಲದು. ಕೋಣೆ ತೆರವು ಮಾಡಬೇಕಾದ ಗಂಟೆಯನ್ನೂ ವಿಚಾರಿಸಬೇಕು. ರಾತ್ರಿಯ ರೈಲಿಗೆ ಹೊರಡುವವರು ಸಾಮಾನನ್ನು ಸಂಜೆಯವರೆಗೆ ಅಲ್ಲಿಯೇ ಬಿಡಬಹುದೇ ಎಂಬುದು ಸಣ್ಣ ವಿಷಯವಲ್ಲ. ಕೋಣೆ ಕಿರಿದೆಂಬ ದೂರನ್ನು ಮಾತ್ರ ಊರಲ್ಲಿಯೇ ಬಿಟ್ಟು ಬರುವುದು ಲೇಸು; ಈ ನಗರದಲ್ಲಿ ಕಿರಿದಲ್ಲದ್ದು ಸಮುದ್ರವೊಂದೇ.

ಕೊಲಾಬಾದಲ್ಲಿಯೂ ಇಂಥ ಲಾಡ್ಜುಗಳುಂಟು. ಗೇಟ್‌ವೇ ಬಾಗಿಲಲ್ಲೇ ಇದೆ. ಆದರೆ ಬೀದಿಯ ಗದ್ದಲ ರಾತ್ರಿಯವರೆಗೂ ಅಡಗುವುದಿಲ್ಲ, ಬಾಡಿಗೆಯೂ ತುಸು ಏರು.

ಕನ್ನಡಿಗರ ಮನಸ್ಸು ಎಳೆಯುವುದು ಮಾಟುಂಗದ ಕಡೆಗೆ. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಅಲ್ಲಿಯದು. ನಿಲ್ದಾಣದ ಪಕ್ಕದಲ್ಲಿ 1942ರಿಂದ ನಡೆದುಬಂದಿರುವ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಊಟಕ್ಕೆ ಇಂದಿಗೂ ಜನ ಸಾಲುಗಟ್ಟುತ್ತಾರೆ. ಅಂಥ ಉಡುಪಿ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದ ದಕ್ಷಿಣ ಕನ್ನಡದ ಹುಡುಗರೆಷ್ಟೋ. ಮಾತಿಗೂ ಸಾರಿಗೂ ಅಲ್ಲಿ ಪರದೇಶಿತನವಿಲ್ಲ. ವಾರಗಟ್ಟಲೆ ಇರುವವರಿಗೆ, ಮನೆಯ ಅಡುಗೆಯಿಲ್ಲದೆ ಆಗದವರಿಗೆ, ಮಾಟುಂಗವೇ ಸರಿ. ಮೂರು ದಿನದವರು ಅಲ್ಲಿಗೆ ಒಂದು ಊಟಕ್ಕೆ ಹೋಗಿಬಂದರೆ ಸಾಕು. ಮಧ್ಯಾಹ್ನದ ಲೋಕಲ್ ಗಾಡಿಗಳಲ್ಲಿ ಅಷ್ಟು ನೂಕುನುಗ್ಗಲಿರುವುದಿಲ್ಲ.

ಭಾನುವಾರ ಫೋರ್ಟಿನ ಕಚೇರಿಗಳು ಮುಚ್ಚಿರುತ್ತವೆ, ಬೀದಿಗಳು ಬರಿದು. ಕಟ್ಟಡಗಳನ್ನು ತಲೆಯೆತ್ತಿ ನೋಡುತ್ತ ನಡೆಯಲು ಅಂಥ ಬೆಳಗು ಮತ್ತೊಂದಿಲ್ಲ. ಆದರೆ ತಿಂಡಿಯ ಹೋಟೆಲುಗಳೂ ಹಲವು ಮುಚ್ಚಿರುವುದುಂಟು, ಶನಿವಾರವೇ ವಿಚಾರಿಸಿಕೊಳ್ಳಬೇಕು. ಸಂಜೆಗೆ ಓವಲ್ ಮೈದಾನದಲ್ಲಿ ಹುಡುಗರ ಕ್ರಿಕೆಟ್ ಆಟವನ್ನು ನೋಡುತ್ತ ದಾಟಿ, ಚರ್ಚ್‌ಗೇಟಿನ ಆಚೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಅಜ್ಜಿಯನ್ನು ಕೂರಿಸಿದರೆ, ದೀಪಗಳು ಸಾಲಾಗಿ ಹೊತ್ತಿಕೊಳ್ಳುವವರೆಗೂ ಅವರು ಏಳುವ ಮಾತೆತ್ತುವುದಿಲ್ಲ. ಎದ್ದ ಮೇಲೂ ಗಾಡಿಯ ಹೊತ್ತು ನೋಡಬೇಕಾದುದಿಲ್ಲ; ಬಿಡಾರ ಇಪ್ಪತ್ತು ನಿಮಿಷದ ದಾರಿ.