ಚಾವಣಿಗೆ ಹೊಡೆದ ಬೆಳಕು

ಫ್ಲ್ಯಾಶಿನ ಬೆಳಕು ಮುಖಕ್ಕೆ ನೇರ ಬೀಳಬಾರದು. ನನ್ನ ಪಾಲಿಗೆ ಈ ಕಲೆಯ ಸೊಗಸೆಲ್ಲ ಇಷ್ಟರಲ್ಲೇ ಇದೆ. ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ನಂಬರಿನಿಂದಲೇ ಕರೆಯುವ ಸ್ಟ್ರೀಟುಗಳ ಒಳಗೆ, ಗ್ಯಾರೇಜು ಗೋದಾಮುಗಳ ಪಕ್ಕದ ಕ್ಯಾಂಪು ಕೋಣೆಗಳಲ್ಲಿ ಫೋಟೋ ತೆಗೆಯುವವನಿಗೆ ಇದು ಬೇಗ ಮನದಟ್ಟಾಗುತ್ತದೆ.

ಇಲ್ಲಿ ಬಿಡುವು ಅಂದರೆ ಶುಕ್ರವಾರ. ಮಿಂದು, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕುಂದಾಪುರದ ಹುಡುಗನೊಬ್ಬ ಬರುತ್ತಾನೆ: “ಅಣ್ಣಾ, ಅಮ್ಮನಿಗೆ ಕಳಿಸ್ಲಿಕ್ಕೆ ಒಂದು ಫೋಟೋ ತೆಗೀರಿ.” ಮಂಚದ ಮೇಲೆ ಮಂಚ, ಒಂದು ಟ್ಯೂಬ್‌ಲೈಟು. ಕ್ಯಾಮೆರಾದೊಳಗಿನ ಪುಟ್ಟ ಫ್ಲ್ಯಾಶ್ ಹೊಡೆದರೆ ಹಣೆ ಮಿರಮಿರ ಹೊಳೆಯುತ್ತದೆ, ಕಣ್ಣು ಕೆಂಪಾಗುತ್ತದೆ, ಹಿಂದಿನ ಗೋಡೆಗೆ ಕರಿ ನೆರಳು ಅಂಟುತ್ತದೆ. ಬೇರೆ ಫ್ಲ್ಯಾಶೊಂದನ್ನು ಕ್ಯಾಮೆರಾದ ನೆತ್ತಿಗೆ ಸಿಕ್ಕಿಸಿ, ಅದರ ತಲೆಯನ್ನು ಬಿಳಿ ಚಾವಣಿಯತ್ತ ಎತ್ತಿ ಹೊಡೆಯಿರಿ. ಈಗ ಬೆಳಕು ಬರುವುದು ಬೆಂಕಿಪೊಟ್ಟಣದಷ್ಟು ಗಾಜಿನಿಂದಲ್ಲ, ಇಡೀ ಚಾವಣಿಯಿಂದ. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳು ಮೆತ್ತಗಾಗುತ್ತದೆ. ಬಿಸಿಲಲ್ಲಿ ಬೆಂದ ಕಪ್ಪು ಚರ್ಮದ ನಿಜವಾದ ಬಣ್ಣ ಆಗ ಮೇಲೆದ್ದು ಬರುತ್ತದೆ. ಆ ಬಣ್ಣ ನೋಡುವಾಗ ಆಗುವ ಸಂತೋಷಕ್ಕಾಗಿಯೇ ನಾನು ಈ ಹವ್ಯಾಸಕ್ಕೆ ಒಲಿದದ್ದು. ಗಾಢ ನೀಲಿ, ಹಸಿರು ಬಳಿದ ಕೋಣೆಗಳಲ್ಲಿ ಮಾತ್ರ ಎಚ್ಚರ ಬೇಕು. ಗೋಡೆಯ ಬಣ್ಣ ಮುಖಕ್ಕೂ ಇಳಿಯುತ್ತದೆ.

ಹಾಗಾಗಿ ಮೊದಲ ಫ್ಲ್ಯಾಶ್ ಕೊಳ್ಳುವವರು ಶಕ್ತಿಗಿಂತ ಮೊದಲು ಕತ್ತು ನೋಡಬೇಕು. ತಲೆ ಮೇಲಕ್ಕೂ ಎದ್ದು ಪಕ್ಕಕ್ಕೂ ತಿರುಗಬೇಕು. ಇಲ್ಲಿನ ಏಷ್ಯನ್ ಟೌನಿನ ಬಯಲು ರಂಗಮಂದಿರದ ಹತ್ತಿರ ರಾತ್ರಿ ಚಾವಣಿ ಎಲ್ಲಿಂದ ತರುವುದು? ಪಕ್ಕದಲ್ಲಿ ನಿಂತ ಕಂಪನಿಯ ಬಿಳಿ ಬಸ್ಸಿನತ್ತ ತಲೆ ತಿರುಗಿಸಿದರೆ ಅದೇ ಗೋಡೆಯಾಗುತ್ತದೆ.

ಶಕ್ತಿಯ ಲೆಕ್ಕ ಸುಲಭ. ಫ್ಲ್ಯಾಶಿನ ಶಕ್ತಿ ಹೇಳುವ ಗೈಡ್ ನಂಬರನ್ನು ಲೆನ್ಸಿನ ಎಫ್-ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಮುಟ್ಟುವ ದೂರ ಸಿಗುತ್ತದೆ. ಐಎಸ್‌ಒ 100ರಲ್ಲಿ ಗೈಡ್ ನಂಬರ್ 36 ಇದ್ದರೆ, ಎಫ್/4ಕ್ಕೆ 9 ಮೀಟರ್. ಚಾವಣಿಗೆ ಹೊಡೆದಾಗ ಬೆಳಕು ಸುಮಾರು ಕಾಲು ಪಾಲಿಗೆ ಇಳಿಯಬಹುದು, ದೂರ ಅರ್ಧವಾಗುತ್ತದೆ. ಐಎಸ್‌ಒ 400ಕ್ಕೆ ಏರಿಸಿದರೆ ಮತ್ತೆ 9 ಮೀಟರ್. ಕ್ಯಾಂಪು ಕೋಣೆಗೆ ಇಷ್ಟು ಧಾರಾಳ.

ಟಿಟಿಎಲ್ ಇರುವ ಫ್ಲ್ಯಾಶ್ ಮೊದಲೊಂದು ಸಣ್ಣ ಮಿಂಚು ಹಾರಿಸಿ, ಮರಳಿದ ಬೆಳಕನ್ನು ಅಳೆದು, ತಾನೇ ಪ್ರಮಾಣ ನಿರ್ಧರಿಸುತ್ತದೆ. ಓಡಾಡುವ ಮದುವೆಮನೆಗೆ ಅದು ಬೇಕು. ಕಲಿಯುವವರಿಗೆ ಗೊಡಾಕ್ಸ್ ಟಿಟಿ600ರಂಥ ಮ್ಯಾನ್ಯುಯಲ್ ಸಾಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಪೂರ್ಣ ಶಕ್ತಿಯಿಂದ 1/128ರವರೆಗೆ ಕೈಯಾರೆ ಇಳಿಸುತ್ತ ಹೋದರೆ ಬೆಳಕಿನ ತೂಕ ಬೆರಳಿಗೆ ತಿಳಿಯುತ್ತದೆ.

ಊರಿನ ಸ್ಟುಡಿಯೋದಿಂದ ಯಾರಾದರೂ ರೀಲು ಕಾಲದ ಫ್ಲ್ಯಾಶ್ ಪ್ರೀತಿಯಿಂದ ಕೊಟ್ಟರೆ ಪರೀಕ್ಷಿಸದೆ ಸಿಕ್ಕಿಸಬೇಡಿ. ವಿವಿಟಾರ್ 283ರ ಹಳೆಯ ಮಾದರಿಗಳಲ್ಲಿ ಕ್ಯಾಮೆರಾದ ಸಂಪರ್ಕಕ್ಕೆ ಬರುವ ಟ್ರಿಗರ್ ವೋಲ್ಟೇಜ್ 200 ವೋಲ್ಟ್ ದಾಟುತ್ತಿತ್ತು. ಡಿಜಿಟಲ್ ಕ್ಯಾಮೆರಾದ ಸರ್ಕಿಟ್ ಅದಕ್ಕೆ ಸುಟ್ಟುಹೋಗಬಹುದು. ಉಳಿದ ದುಡ್ಡಿಗೆ ರೀಚಾರ್ಜ್ ಆಗುವ ಎಎ ಸೆಲ್ಲುಗಳ ಎರಡು ಸೆಟ್ ಕೊಳ್ಳಿ, ಸೆಟ್ಟಿಗೆ ನಾಲ್ಕರಂತೆ. ಅಂಗಡಿಯಲ್ಲೇ ಕ್ಯಾಮೆರಾಕ್ಕೆ ಸಿಕ್ಕಿಸಿ, ಚಾವಣಿಗೆ ಒಮ್ಮೆ ಹೊಡೆದು ನೋಡಿ, ಆಮೇಲೆ ದುಡ್ಡು ಎಣಿಸಿ.